ಮೂಗು ಮಾಮನ ಖರೀದಿ

ಬಾಗಿಲು ತೆರೆದದ್ದೇ ತಡ, ಕೊಳೆತ ಮೀನಿನ ನಾತ ಮುಖಕ್ಕೆ ಬಡಿಯಿತು. ಮೂಗು ಮಾಮ ಒಂದು ಹೆಜ್ಜೆ ಹಿಂದೆ ಸರಿದು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

"ಒಳಗೆ ಬಾರಪ್ಪ," ಅಂದಳು ಮುದುಕಿ. "ಚಪ್ಪಲಿ ಬಿಡಬೇಡ. ನೆಲ ಅಷ್ಟು ಚೆನ್ನಾಗಿಲ್ಲ."

ಅದು ತೀರ ಮರ್ಯಾದೆಯ ಮಾತಾಯಿತು. ಇಟ್ಟ ಹೆಜ್ಜೆ ಕೀಳಬೇಕಾದರೆ ಚರ್ರೆನ್ನುವಷ್ಟು ಅಂಟು. ಮೂಲೆಯಲ್ಲಿ ಮುಚ್ಚಳವಿಲ್ಲದ ಬಕೆಟ್ಟು, ಅದರ ತುಂಬ ಮೀನಿನ ತಲೆಗಳು, ಮೇಲೆ ನೊಣಗಳ ಸಂತೆ. ಮೇಜಿನ ಮೇಲೆ ಒಡೆದ ಹಾಲಿನ ಪಾತ್ರೆ. ಕಿಟಕಿಗಳೆಲ್ಲ ಭದ್ರ.

"ಬೆಕ್ಕಿಗೆ ಅಂತ ತಂದಿಟ್ಟೆ," ಬಕೆಟ್ಟಿನ ಕಡೆ ಗಲ್ಲ ತೋರಿದಳು. "ಬೆಕ್ಕೂ ಬರೋದು ಬಿಟ್ಟಿತು."

ಈ ಜನಕ್ಕೆ ಹೇಸಿಗೆ ಅನ್ನುವುದೇ ಹುಟ್ಟಲಿಲ್ಲವೇ ಅಂದುಕೊಂಡ.

ಅವನದು ಚಿತ್ರದ ಕಾರ್ಡುಗಳ ಅಂಗಡಿ. ಮಕ್ಕಳು ಕೂಡಿಸುವ, ದೊಡ್ಡವರು ಅದಕ್ಕಿಂತ ಹೆಚ್ಚು ಹುಚ್ಚು ಹಿಡಿಸಿಕೊಂಡು ಕೂಡಿಸುವ ಕಾರ್ಡುಗಳು. ಯಾವುದನ್ನೇ ಕೊಳ್ಳುವ ಮೊದಲು ಅಸಲಿಯೋ ನಕಲಿಯೋ ಅಂತ ಮೂಗಿಗೆ ಹಿಡಿದು ನೋಡುತ್ತಿದ್ದ. ಅದಕ್ಕೇ ಮಕ್ಕಳು ಇಟ್ಟ ಹೆಸರು ಅದು. ಅಂಥ ಮೂಗಿಗೆ ಇಂಥ ಮನೆ.

ಹೋದ ವಾರ ಮುದುಕಿ ಒಂದೇ ಒಂದು ಕಾರ್ಡು ಹಿಡಿದು ಅಂಗಡಿಗೆ ಬಂದಿದ್ದಳು. ರೆಕ್ಕೆಯ ನರಿ. ಎಲ್ಲ ಅಂಗಡಿಯಲ್ಲೂ ಬಿದ್ದಿರುವ ಅಮೆರಿಕದ ಅಚ್ಚಲ್ಲ. ಬೇರೊಂದು ದೇಶ ತನ್ನ ಮಕ್ಕಳಿಗೆಂದು, ತನ್ನ ಲಿಪಿಯಲ್ಲಿ, ಸ್ವಲ್ಪವೇ ಅಚ್ಚು ಹಾಕಿಸಿದ್ದು. ಅದಕ್ಕಾಗಿ ಮನೆ ಮಾರುವವರಿದ್ದರು. ಮೂಸಿದ. ಹಳೆಯ ರಟ್ಟಿನ ಒಣ ವಾಸನೆ. ಎದೆ ಹಾರಿತು, ಮುಖ ಅಲುಗಲಿಲ್ಲ.

"ಅಮೆರಿಕದ್ದಾಗಿದ್ರೆ ನೋಡಬಹುದಿತ್ತು ಅಜ್ಜಿ. ಇದನ್ನ ಓದೋಕೇ ಬರಲ್ಲ, ಯಾರು ತಗೋತಾರೆ?"

"ಹೌದಾ? ಮಗ ಹಡಗಿನ ಕೆಲಸದಲ್ಲಿದ್ದಾಗ ತಂದಿದ್ದು. ಆಮೇಲೆ ಅವನೇ ಸಮುದ್ರದ ಪಾಲಾದ. ಮನೇಲಿ ಇನ್ನೂ ಒಂದು ಪುಸ್ತಕದ ತುಂಬ ಇದೆ."

ಇವತ್ತು ಬೆಳಿಗ್ಗೆ ಹೆಂಡತಿ ಕೈಬಳೆ ಬಿಚ್ಚಿಕೊಟ್ಟಳು. "ಇದೇ ಕೊನೆ. ಇದೂ ಮುಳುಗಿದ್ರೆ ಅಂಗಡಿಗೆ ಬೀಗ ಹಾಕಿ, ಬೀಗದ ಕೈನ ನೀವೇ ಇಟ್ಕೊಳ್ಳಿ. ನಾನು ಅಮ್ಮನ ಮನೆಗೆ." ಬಳೆಗಳೀಗ ನೋಟುಗಳಾಗಿ ಅವನ ಅಂಗಿಯೊಳಗಿದ್ದವು.

ಒಳಕೋಣೆಯಲ್ಲಿ ಯಾರೋ ನರಳಿದರು. ಮಂಚದಿಂದ ಒಂದು ಕೈ ಜೋತುಬಿದ್ದಿತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಕೊಳೆ. ಮಾಮ ಮುಖ ತಿರುಗಿಸಿದ.

"ನಮ್ಮ ಯಜಮಾನ್ರು. ಹಾಸಿಗೆ ಹಿಡಿದಿದ್ದಾರೆ. ಕೈಕೆಲಸದಲ್ಲಿ ಎತ್ತಿದ ಕೈ ಕಣಪ್ಪ. ಈಗ ನೋಡು."

"ಕಿಟಕಿ ಒಂಚೂರು ತೆಗೀಬಹುದಾ ಅಜ್ಜಿ?"

"ಗಾಳಿ ತಾಗಿದ್ರೆ ಅವರಿಗೆ ಕೆಮ್ಮು."

ಮಂಚ ತಕ್ಷಣ ಕೆಮ್ಮಿತು.

ಅವಳು ಪುಸ್ತಕ ತಂದಿಟ್ಟಳು. ಪ್ಲಾಸ್ಟಿಕ್ ಜೇಬುಗಳಲ್ಲಿ ಸಾಲು ಸಾಲು ಕಾರ್ಡು. ಕೊಂಬಿನ ಮೀನು, ಬೆಂಕಿಯ ಆಮೆ, ಚಿನ್ನದಂಚಿನ ನರಿಗಳು. ಇಂಥ ರೊಚ್ಚೆಯ ನಡುವೆ ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಕೆಸರಿನಲ್ಲೇ ಅಲ್ಲವೇ ಕಮಲ ಅಂದುಕೊಂಡ. ಒಂದನ್ನು ಹೊರಗೆಳೆದು ಅಭ್ಯಾಸಬಲದಿಂದ ಕರವಸ್ತ್ರ ಸರಿಸಿದ. ನಾತ ಮೂಗಿನಿಂದ ನೆತ್ತಿಗೇರಿತು. ಓಕರಿಸಿ, ಕಾರ್ಡನ್ನು ಮತ್ತೆ ತುರುಕಿದ.

"ನೋಡು ಮಗ, ನಿಧಾನವಾಗಿ ನೋಡು," ಮುದುಕಿ ಕಕ್ಕುಲತೆಯಿಂದ ಅಂದಳು. "ಅಂಗಡೀಲಿ ಎಷ್ಟು ಹೊತ್ತು ಹಿಡ್ಕೊಂಡು ನೋಡಿದ್ದೆ. ಇಲ್ಲಿಗೆ ಬಂದೋರೆಲ್ಲ ಓಡೋಕೇ ನೋಡ್ತಾರೆ."

"ಸಾಕು, ನೋಡಿದ್ದಾಯ್ತು."

"ಹಾಗಾದ್ರೆ ನ್ಯಾಯವಾಗಿ ಒಂದು ಬೆಲೆ ಹೇಳಪ್ಪ. ದೇವರು ನೋಡ್ತಿರ್ತಾನೆ."

ಬಳೆಗಳ ಬೆಲೆಯನ್ನೇ ಹೇಳಿದ. ನಿಜವಾದ ಬೆಲೆಯಲ್ಲಿ ಅದು ಹತ್ತನೆಯ ಪಾಲೂ ಅಲ್ಲ. "ಇದೂ ನಿಮ್ಮ ಕಷ್ಟ ನೋಡಿ ಅಜ್ಜಿ. ನಂಗೆ ನಷ್ಟಾನೇ."

ಮುದುಕಿ ಅವನನ್ನೇ ದಿಟ್ಟಿಸಿದಳು. ಹಾಸಿಗೆ ಹಿಡಿದ ಗಂಡ, ಸಮುದ್ರದ ಪಾಲಾದ ಮಗ. ಒಂದು ಗಳಿಗೆ ಅವನಿಗೂ ಹೇಸಿಗೆ ಅನ್ನಿಸಿತು. ಈ ಸಲ ಮೀನಿನದಲ್ಲ. ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದ. ಅದೂ ಕಳೆಯಿತು.

"ನೀನು ಹೇಳಿದ ಹಾಗೇ ಆಗಲಿ," ಅಂದಳು. "ಆದ್ರೆ ಅಂಗಡಿಗೆ ತಂದಿದ್ನಲ್ಲ, ಆ ಒಂದು ನರೀನ ಮಾತ್ರ ಕೊಡಲ್ಲ. ಅದು ನನ್ನ ಹತ್ರಾನೇ ಇರಲಿ."

"ಇಟ್ಕೊಳ್ಳಿ ಅಜ್ಜಿ. ನೆನಪಿಗೆ ಬೆಲೆ ಕಟ್ಟೋಕಾಗುತ್ತಾ?" ಅಂದ, ಧಾರಾಳಿಯ ಹಾಗೆ.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಎದೆ ತುಂಬ ಉಸಿರೆಳೆದ. ಕರವಸ್ತ್ರವನ್ನು ಕಸದ ತೊಟ್ಟಿಗೆ ಎಸೆದ. ಅಂಗಿ, ಬೆರಳು, ಪುಸ್ತಕ, ಎಲ್ಲಕ್ಕೂ ಅದೇ ನಾತ ಮೆತ್ತಿತ್ತು. ಇರಲಿ, ನಾಳೆ ಗಾಳಿಗಿಟ್ಟರೆ ಮೀನಿನ ವಾಸನೆ ಹೋಗುತ್ತದೆ. ಆಮೇಲೆ ಕೂತು ಒಂದೊಂದನ್ನೇ ಮೂಸಬಹುದು. ಪುಸ್ತಕವನ್ನು ಎದೆಗವಚಿಕೊಂಡು, ಸಿಳ್ಳೆ ಹಾಕುತ್ತ ತಿರುವಿನಲ್ಲಿ ಮರೆಯಾದ.

ಮೇಲೆ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮುದುಕಿ ಬಕೆಟ್ಟಿಗೆ ಮುಚ್ಚಳ ಬಿಗಿದು, ಒಡೆದ ಹಾಲನ್ನು ಚೆಲ್ಲಿ, ಒಂಟಿ ನರಿಯನ್ನು ನಾಳೆಯ ಅಂಗಡಿಗೆಂದು ಕೈಚೀಲದಲ್ಲಿಟ್ಟಳು. ಯಜಮಾನರು ಮಂಚದಿಂದೆದ್ದು ನೆಟ್ಟಗೆ ನಡೆದುಬಂದು, ಉಗುರಿನ ಮಸಿಯನ್ನು ಸೀಮೆಎಣ್ಣೆ ಹಾಕಿ ಉಜ್ಜತೊಡಗಿದರು.

"ಮುಂದಿನ ಪುಸ್ತಕ ಇನ್ನೂ ಎರಡು ದಿನ ಒಣಗಲಿ ರೀ," ಅಂದಳು ಅವಳು. "ಇವತ್ತಿನ ನರಿಯ ರೆಕ್ಕೆ ಹಸೀನೇ ಇತ್ತು."