ಬುಧವಾರದ ಹೆಚ್ಚುವರಿ ಗಂಟೆ

ದೊಡ್ಡಕ್ಕ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಒಳಗೆ ಮೇಡಂ ಮತ್ತು ಪುಟ್ಟಿ ಇಬ್ಬರೇ. ಬುಧವಾರ, ನಾಲ್ಕು ಗಂಟೆ. ಇದು ಆರನೇ ವಾರ. ಒಂದು ಮಾತೂ ಕೇಳಿಸಲೊಲ್ಲದು. ಹಾಳಾದ್ದು ಬಾಗಿಲು!

ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೆ ಆ ವರ್ಷ ತರಬೇತಿಗೆ ಬಂದವರು ಇಬ್ಬರೇ. ವಯಸ್ಸಿನಲ್ಲಿ ಹಿರಿಯಳು ದೊಡ್ಡಕ್ಕ, ಕಿರಿಯಳು ಪುಟ್ಟಿ. ವಿದ್ಯಾರ್ಥಿಗಳ ಕಷ್ಟ ಕೇಳಬೇಕು, ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡಬೇಕು, ವಾರಕ್ಕೊಂದು ಗಂಟೆ ಮೇಡಂ ಜೊತೆ ಕೂತು ಅದನ್ನು ಕೇಳಿ ತಿದ್ದಿಸಿಕೊಳ್ಳಬೇಕು. ವರ್ಷದ ಕೊನೆಗೆ ಒಬ್ಬರಿಗೆ ಅಲ್ಲೇ ಕೆಲಸ. ಇದ್ದ ನೌಕರಿ ಬಿಟ್ಟು ಬಂದ ದೊಡ್ಡಕ್ಕನಿಗೆ ಆ ಕೆಲಸ ಬೇಕೇ ಬೇಕು.

ಹಾಗಿರುವಾಗ ತನಗೆ ವಾರಕ್ಕೆ ಒಂದು ಗಂಟೆ, ಪುಟ್ಟಿಗೆ ಎರಡು! ಯಾಕೆಂದು ಕೇಳುವಂತೆಯೂ ಇಲ್ಲ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಬಾರದು ಎಂಬುದು ಅಲ್ಲಿಯ ಮೊದಲ ಪಾಠ.

ಬಾಗಿಲು ತೆರೆಯಿತು. ಪುಟ್ಟಿ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ಮೇಡಂ ಅವಳ ಬೆನ್ನು ತಟ್ಟಿ ಕಳಿಸಿದರು. ದೊಡ್ಡಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ಬೆನ್ನು ಯಾರಾದರೂ ತಟ್ಟಿದ್ದುಂಟೇ? "ಚೆನ್ನಾಗಿದೆ, ಹೀಗೇ ಮುಂದುವರಿಸಿ," ಅಷ್ಟೇ. ಅತ್ತೂ ಕರೆದೂ ಮೇಡಮ್ಮನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ, ಕಳ್ಳಿ!

"ನಿನ್ನ ಹೊಟ್ಟೆಕಿಚ್ಚಿಗೆ ಒಂದು ಹಂಡೆ ನೀರು ಕಾಯುತ್ತೆ ಬಿಡು," ಎಂದ ಗಂಡ, ಸಂಜೆ. ಅವಳು ನಗಲಿಲ್ಲ.

ಮರುದಿನ ಪುಟ್ಟಿ ಊಟಕ್ಕೆ ಹೋದದ್ದೇ ತಡ, ದೊಡ್ಡಕ್ಕ ಅವಳ ಕಂಪ್ಯೂಟರಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡಳು. ಯಾರೋ ವಿದ್ಯಾರ್ಥಿನಿ ಬಿಕ್ಕುತ್ತಿದ್ದಳು. ಪುಟ್ಟಿ ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳುತ್ತಲೇ ಇದ್ದಳು. ಇಂಥವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರಾ? ದೊಡ್ಡಕ್ಕ ನೇರ ಮೇಡಂ ಕೋಣೆಗೆ ನುಗ್ಗಿದಳು.

"ಪುಟ್ಟಿ ರೆಕಾರ್ಡಿಂಗ್ ಕೇಳಿದೆ ಮೇಡಂ. ಆ ಹುಡುಗಿಗೆ ಬಾಯಿ ತೆರೆಯೋಕೇ ಬಿಡಲ್ಲ ಇವಳು. ಅಂಥವಳಿಗೆ ಎರಡು ಗಂಟೆ, ನನಗೆ ಒಂದಾ? ಇದ್ಯಾವ ನ್ಯಾಯ?"

ಮೇಡಂ ಕನ್ನಡಕ ತೆಗೆದರು. "ಆ ಹುಡುಗಿ ಮಾತನ್ನ ನೀವು ಕೇಳಿದ್ರಾ?"

"ಹೂಂ, ಪೂರ್ತಿ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು ಡೈರಿ ತೆರೆದರು. "ಸರಿ. ಬುಧವಾರದಿಂದ ನೀವೂ ಬನ್ನಿ. ಐದು ಗಂಟೆಗೆ."

ಗೆದ್ದೆ! ದೊಡ್ಡಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪುಟ್ಟಿ ಜಗುಲಿಯಲ್ಲಿ ನೀರು ಕುಡಿಯುತ್ತಿದ್ದಳು.

"ನನಗೂ ಕೊಟ್ರು ಕಣೇ, ಬುಧವಾರದ ಗಂಟೆ. ನಿನಗೊಬ್ಬಳಿಗೇ ಅಂದ್ಕೊಂಡಿದ್ಯಾ?"

ಪುಟ್ಟಿ ಲೋಟ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ ಅಕ್ಕಾ, ಕೆಲಸ ನಿಮಗೇ ಅಂತ ನಿನ್ನೆ ತಾನೇ ನನಗೆ ಹೇಳಿದ್ರು ಮೇಡಂ! ಬುಧವಾರದ ಗಂಟೆ ಅಂದ್ರೆ ತರಬೇತಿಯಿಂದ ತೆಗೆದುಹಾಕೋ ಮುಂಚೆ ಕೊಡೋ ಕೊನೇ ಅವಕಾಶ. ಅಂಥದ್ದು ನೀವೇನು ಮಾಡಿಬಿಟ್ರಿ?"