ಒಗ್ಗರಣೆಯ ಘಾಟು

ಗಂಡನ ಜೊತೆ ಚಂದ್ರನ ಮೇಲಿನ ವಸಾಹತಿಗೆ ಬಂದ ಹೆಂಗಸರಿಗೆ ಉಸಿರಾಡುವ ಗಾಳಿ ಸಿಗುವುದು ಗಂಡನ ಹೆಸರಿನಲ್ಲೇ. ಸುವರ್ಣಾಳ ಗಂಡ ಸಿಟ್ಟು ಬಂದಾಗಲೆಲ್ಲ ಅವಳ ಕೋಣೆಯ ಗಾಳಿಯ ನಲ್ಲಿ ತಿರುವಿ ನಿಲ್ಲಿಸಿಬಿಡುತ್ತಿದ್ದ. ಕೆಮ್ಮಿದರೆ ಗಾಳಿ ಹಾಳು ಮಾಡಿದೆಯೆಂದು ಹೊಡೆಯುತ್ತಿದ್ದ. ಇವತ್ತು ಬೆಳಿಗ್ಗೆ ಅವಳು ಹೆಂಗಸರ ಆಸರೆ ಕೇಂದ್ರಕ್ಕೆ ಓಡಿಬಂದಿದ್ದಳು.

ಕೇಂದ್ರ ನೋಡಿಕೊಳ್ಳುವ ವಿಜಯಪುರದ ಜೈತುನಬಿ ಮೊದಲು ಅವಳ ಕೊರಳಿಗೆ ಅವಳದೇ ಹೆಸರಿನ ಗಾಳಿಬಿಲ್ಲೆ ಕಟ್ಟಿದಳು. ಇನ್ನು ಅವಳ ಪಾಲಿನ ಗಾಳಿಯನ್ನು ಯಾರೂ ನಿಲ್ಲಿಸುವಂತಿಲ್ಲ. ಆಮೇಲೆ ಒಲೆ ಹಚ್ಚಿದಳು.

ಸುವರ್ಣಾ ಬೆಚ್ಚಿದಳು. "ಅಕ್ಕಾ, ಬೆಂಕಿ ಗಾಳಿ ತಿಂತದ! ಇಲ್ಲಿ ಯಾರೂ ಹಚ್ಚಂಗಿಲ್ಲ."

"ಹೊಸದಾಗಿ ಬಂದಾಕಿಗೆ ಒಂದು ಒಗ್ಗರಣಿ, ಅದು ನಮ್ಮ ಪದ್ಧತಿ. ಇಲ್ಲಿರೋ ಹೆಣ್ಮಕ್ಕಳೆಲ್ಲಾ ತಮ್ಮ ಪಾಲಿನ ಗಾಳಿ ಒಂದೀಟು ಕೊಟ್ಟಾರ. ನೀ ಸುಮ್ನ ನೋಡು."

ಎಣ್ಣೆ ಕಾದು ಸಾಸಿವೆ ಸಿಡಿಯಿತು. ಭೂಮಿಯ ಮೇಲಾದರೆ ಒಲೆಯ ಸುತ್ತ ಬೀಳುತ್ತಿದ್ದ ಕಾಳುಗಳು ಇಲ್ಲಿನ ಕಡಿಮೆ ಸೆಳೆತದಲ್ಲಿ ಛಾವಣಿಯವರೆಗೂ ಏರಿದವು. ಬೀಳುವುದನ್ನೇ ಮರೆತಂತೆ ಅಲ್ಲಿ ತೇಲಿ, ಮಿನುಗುತ್ತ, ಮೆಲ್ಲಗೆ ಇಳಿಯತೊಡಗಿದವು. ಸುವರ್ಣಾ ತಲೆಯೆತ್ತಿ ನೋಡುತ್ತಲೇ ನಿಂತಳು.

ಎಣ್ಣೆಗೆ ಒಣಮೆಣಸಿನಕಾಯಿ ಬಿತ್ತು. ಘಾಟು ಗಂಟಲಿಗೆ ಹೊಕ್ಕಿದ್ದೇ ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

ಜೈತುನಬಿ ಆ ಕೈಯನ್ನು ಮೆಲ್ಲಗೆ ಸರಿಸಿದಳು. "ಕೆಮ್ಮವ್ವಾ. ಗಾಳಿ ನಿಂದೇ ಅದ."

ಸುವರ್ಣಾ ಕೆಮ್ಮಿದಳು. ಕಣ್ಣಲ್ಲಿ ನೀರು ಬರುವ ತನಕ, ಗೋಡೆ ಅದುರುವ ಹಾಗೆ ಕೆಮ್ಮಿದಳು. ಸುತ್ತ ನಿಂತ ಹೆಂಗಸರೂ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು, ಆಮೇಲೆ ನಗತೊಡಗಿದರು. ಅವರ ತಲೆಯ ಮೇಲೆ ಸಾಸಿವೆ ಇನ್ನೂ ಸಿಡಿದು ಏರಿ ಇಳಿಯುತ್ತಲೇ ಇತ್ತು.