ಡಿಪೊದ ಹದ್ದಿನ ಕಣ್ಣು

"ನಿಲ್ಲಿಸಿ. ಪುಸ್ತಕ ಇಲ್ಲಿ ಕೊಡಿ." ಬಸ್ ಡಿಪೊದ ಮ್ಯಾನೇಜರ್ ಕೈ ಚಾಚಿದ.

ಪುಟ ತಿರುಗಿಸುವಾಗ ಕಣ್ಣಿನ ಡಾಕ್ಟರ್ ಎರಡು ಸಲ ಕೆಮ್ಮಿದ್ದಳು. ಡ್ರೈವರ್ ಕೆಲಸಕ್ಕೆಂದು ಎದುರು ಕೂತಿದ್ದ ಯುವಕ ಅವಳ ಅಕ್ಕನ ಮಗ. ಮ್ಯಾನೇಜರನಿಗೆ ಅನುಮಾನ ಪಡಲು ಅಷ್ಟು ಸಾಕಾಯಿತು.

ಯುವಕ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ್ದ. ಪುಸ್ತಕದ ಪುಟಗಳಲ್ಲಿ ಬಣ್ಣದ ಚುಕ್ಕೆಗಳೊಳಗೆ ಅಡಗಿದ್ದ ಅಂಕಿಗಳನ್ನೂ ಪಟಪಟನೆ ಹೇಳಿದ್ದ. ಇಷ್ಟು ಸಲೀಸಾಗಿ ಪಾಸಾಗುವವರು ಕಳ್ಳರು ಮಾತ್ರ ಎಂಬುದು ಮ್ಯಾನೇಜರನ ಸಿದ್ಧಾಂತ.

ಅವನದು ಹದ್ದಿನ ಕಣ್ಣು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರಿಗೆ ಆ ತೊಂದರೆ ಕೊಡುತ್ತಿರಲಿಲ್ಲ. ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ಬಂದಿದ್ದನ್ನು ಕರ್ತವ್ಯನಿಷ್ಠೆ ಎಂದೇ ತಿಳಿಯಬೇಕು. ಪಾಪ, ಪುರುಸೊತ್ತಿಲ್ಲದ ಮನುಷ್ಯ.

"ನಮ್ಮ ಕಾಲದಲ್ಲಿ ಈ ಪರೀಕ್ಷೆ ಎಲ್ಲಿತ್ತು?" ಅಂದ. "ಸಿಗ್ನಲ್‌ನಲ್ಲಿ ಮೇಲಿನ ದೀಪ ಉರಿದರೆ ನಿಲ್ಲಿಸ್ತಿದ್ದೆ, ಕೆಳಗಿನದು ಉರಿದರೆ ಹೊರಡ್ತಿದ್ದೆ. ಇವತ್ತಿಗೂ ಹೊಸಬರಿಗೆ ಬಸ್ ಓಡಿಸಿ ತೋರಿಸೋನು ನಾನೇ."

ಡಾಕ್ಟರ್ ಅವನ ಮುಖ ನೋಡಿದಳು. ಆಮೇಲೆ ಕಾಲು ನೋಡಿದಳು.

ಅವಳು ತೋರಿಸದೆ ಬಿಟ್ಟಿದ್ದ ಪುಟದ ಮೇಲೆ ಮ್ಯಾನೇಜರ್ ಬೆರಳಿಟ್ಟ. "ಇದನ್ನ ಯಾಕೆ ಹಾರಿಸಿದ್ರಿ?"

"ಅದು ಬೇಡ ಸಾರ್. ಸುಮ್ಮನೆ ಒಬ್ಬರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ."

ಕುಂಬಳಕಾಯಿ ಕಳ್ಳಿ ತಾನಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಮ್ಯಾನೇಜರ್ ಹಿಗ್ಗಿದ. ಪುಸ್ತಕವನ್ನು ಯುವಕನ ಮೂಗಿನ ಮುಂದೆ ಹಿಡಿದ. "ಇದರಲ್ಲಿ ಎಷ್ಟಿದೆ, ಹೇಳು."

ಯುವಕ ನೋಡಿದ. ತಲೆ ಓರೆ ಮಾಡಿ ನೋಡಿದ. ಈ ಕೆಲಸ ಸಿಕ್ಕರೆ ಮಾತ್ರ ಮದುವೆ ಎಂದು ಹುಡುಗಿಯ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಯಾವುದೋ ಒಂದು ಅಂಕಿ ನಾಲಿಗೆಯ ತುದಿಗೆ ಬಂತು. ಅವನಿಗೆ ಸುಳ್ಳು ಹೇಳಲು ಭಯವಾಯಿತು.

"ಬರೀ ಚುಕ್ಕೆ ಸಾರ್. ಅಂಕಿ ಏನೂ ಕಾಣ್ತಿಲ್ಲ."

ಮ್ಯಾನೇಜರ್ ಮೇಜು ಕುಟ್ಟಿದ. "ನೋಡಿದ್ರಾ ಡಾಕ್ಟ್ರೇ, ನಿಮ್ಮ ಅಕ್ಕನ ಮಗನ ಬಂಡವಾಳ. ನಲವತ್ತೈದು ಅಂತ ಎದ್ದು ಕಾಣ್ತಿದೆ, ಇವನಿಗೆ ಏನೂ ಇಲ್ವಂತೆ. ಇಂಥವನ ಕೈಗೆ ಬಸ್ ಕೊಟ್ಟರೆ ಜನರ ಗತಿ ಏನು? ಕಣ್ಣು ಸರಿಯಿಲ್ಲದವನಿಗೆ ನನ್ನ ಡಿಪೊದಲ್ಲಿ ಜಾಗ ಇಲ್ಲ, ಅವನು ಯಾರೇ ಆಗಿರಲಿ. ಹಾಗಂತ ಬರೆದು ಸಹಿ ಹಾಕಿ."

ಈ ಸಲ ಡಾಕ್ಟರ್ ಕೆಮ್ಮಲಿಲ್ಲ. ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮುಚ್ಚಿದಳು.

"ಆ ಪುಟದಲ್ಲಿ ಅಂಕಿ ಕಾಣೋದು, ಕೆಂಪು ಹಸಿರು ಗೊತ್ತಾಗದ ಕಣ್ಣಿಗೆ ಮಾತ್ರ ಸಾರ್."